ಲೋಟದ ಹಾಲು, ಡಬ್ಬದ ಪುಡಿ



ಮಕ್ಕಳ ವೈದ್ಯರ ಕೋಣೆಯಲ್ಲಿ ದಿನವೂ ಕೇಳಿಬರುವ ಮಾತೊಂದಿದೆ. "ಡಾಕ್ಟ್ರೇ, ಮಗು ಏನೂ ತಿನ್ನಲ್ಲ, ಒಳ್ಳೇದೊಂದು ಪುಡಿ ಬರ್ಕೊಡಿ." ಹೀಗೆನ್ನುವ ತಾಯಿಯ ಮಡಿಲಲ್ಲಿದ್ದ ಒಂದೂವರೆ ವರ್ಷದ ಮಗು ಅಷ್ಟರಲ್ಲಿ ಮೇಜಿನ ಮೇಲಿನ ಚೀಟಿಗಳನ್ನೆಲ್ಲ ಕೆಡವಿ, ಟಾರ್ಚನ್ನು ಬಾಯಿಗಿಟ್ಟುಕೊಂಡು, ಇಳಿದು ಬಾಗಿಲ ಕಡೆ ಓಡಿರುತ್ತದೆ. ಏನೂ ತಿನ್ನದ ಮಗುವಿಗೆ ಈ ಪಾಟಿ ಶಕ್ತಿ ಎಲ್ಲಿಂದ ಬಂತಮ್ಮ ಎಂದರೆ ತಾಯಿಗೂ ನಗು ಬರುತ್ತದೆ. ಆದರೂ ಪುಡಿಯ ಹೆಸರು ಬರೆಸಿಕೊಳ್ಳದೆ ಏಳಲು ಮನಸ್ಸಾಗುವುದಿಲ್ಲ.

ಆಕೆಯ ಆತಂಕ ಸುಳ್ಳಲ್ಲ. ಹುಟ್ಟಿದಾಗ ಮೂರು ಕಿಲೊ ಇದ್ದ ಕೂಸು ವರ್ಷ ತುಂಬುವಾಗ ಒಂಬತ್ತು ಕಿಲೊ ಆಗಿರುತ್ತದೆ, ಮೂರು ಪಟ್ಟು. ಅದೇ ಓಟದಲ್ಲಿ ಬೆಳೆದರೆ ಎರಡನೆಯ ಹುಟ್ಟುಹಬ್ಬಕ್ಕೆ ಇಪ್ಪತ್ತೇಳು ಕಿಲೊ ಆಗಬೇಕಿತ್ತು! ಎರಡನೆಯ ವರ್ಷದಲ್ಲಿ ಮಗು ಕೂಡಿಸಿಕೊಳ್ಳುವುದು ಎರಡು, ಎರಡೂವರೆ ಕಿಲೊ ಅಷ್ಟೆ. ಬೆಳವಣಿಗೆ ನಿಧಾನವಾದ ಮೇಲೆ ಹಸಿವೂ ತಗ್ಗುತ್ತದೆ. ಒಂದು ಹೊತ್ತು ಚೆನ್ನಾಗಿ ತಿಂದು ಇನ್ನೊಂದು ಹೊತ್ತು ಮುಖ ತಿರುಗಿಸುವುದು ಆ ವಯಸ್ಸಿನ ಸಹಜ ಗುಣ. ಆದರೆ ಮೊದಲ ವರ್ಷದ ವೇಗಕ್ಕೆ ಕಣ್ಣು ಒಗ್ಗಿಹೋಗಿರುವ ಮನೆಯವರಿಗೆ ಮಗು ಸೊರಗಿದಂತೆ ಕಾಣುತ್ತದೆ. ಪುಡಿಯ ಡಬ್ಬ ಮನೆಯೊಳಕ್ಕೆ ಕಾಲಿಡುವುದು ಸರಿಯಾಗಿ ಈ ಹೊತ್ತಿಗೆ. ಇವತ್ತಿನ ಮಾತು ವರ್ಷ ದಾಟಿದ, ಮೂರು ತುಂಬದ ಮಕ್ಕಳ ಹಾಲಿನ ಬಗ್ಗೆ, ಆ ಡಬ್ಬದ ಬಗ್ಗೆ.

ನಿಮ್ಮ ಮನೆಯಲ್ಲಿ ಅಂಥದೊಂದು ಡಬ್ಬ ಇದ್ದರೆ ಈಗಲೇ ಎದ್ದುಹೋಗಿ ತಂದುಕೊಳ್ಳಿ. ರೇಡಿಯೊದ ಅನುಕೂಲವೇ ಅದು, ಕೈಯಲ್ಲಿ ಏನಿದ್ದರೂ ಕಿವಿ ಬಿಡುವಾಗಿರುತ್ತದೆ.

ಮೊದಲು ಡಬ್ಬದ ಮುಂಬದಿ ನೋಡಿ. ನಗುವ ಮಗುವಿನ ಚಿತ್ರ ಇದೆಯೆ? ಇದ್ದರೆ ಅದು ಎರಡು ವರ್ಷ ದಾಟಿದ ಮಕ್ಕಳಿಗೆಂದು ಮಾರುವ ಪುಡಿ ಎಂದು ಹೆಚ್ಚುಕಡಿಮೆ ಓದದೆಯೇ ಹೇಳಬಹುದು. ಇದಕ್ಕೊಂದು ಹಿನ್ನೆಲೆಯಿದೆ. ತಾಯಿಯ ಹಾಲಿನ ಜಾಗಕ್ಕೆ ಡಬ್ಬದ ಹಾಲು ಬರಬಾರದೆಂದು ನಮ್ಮ ದೇಶ 1992ರಲ್ಲಿ ಒಂದು ಕಾಯ್ದೆ ಮಾಡಿತು. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿತು. ಎರಡು ವರ್ಷದವರೆಗಿನ ಮಕ್ಕಳ ಹಾಲಿನ ಪುಡಿಗೆ, ಶಿಶು ಆಹಾರಕ್ಕೆ, ಹಾಲೂಡಿಸುವ ಬಾಟಲಿಗೆ ಜಾಹೀರಾತು ಕೊಡುವ ಹಾಗಿಲ್ಲ. ಬಾಣಂತಿಯರಿಗೆ ಮಾದರಿ ಡಬ್ಬ ಹಂಚುವ ಹಾಗಿಲ್ಲ. ಡಬ್ಬದ ಮೇಲೆ ಕೂಸಿನ ಚಿತ್ರವಾಗಲಿ ಹೆಂಗಸಿನ ಚಿತ್ರವಾಗಲಿ ಇರಕೂಡದು. ಈ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಕಾಯ್ದೆ ಇರುವ ದೇಶಗಳು ಹೆಚ್ಚಿಲ್ಲ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಮಗುವಿಗೆ ಎರಡು ತುಂಬಿದ ಮಾರನೆಯ ದಿನ ಆ ಬೇಲಿ ಇಲ್ಲ. ಟೀವಿಯಲ್ಲಿ ಎತ್ತರ ಬೆಳೆಯುವ ಹುಡುಗ, ಲೆಕ್ಕದಲ್ಲಿ ಮೊದಲು ಬರುವ ಹುಡುಗಿ, ಬಿಳಿ ಕೋಟಿನ ಡಾಕ್ಟರು, ಎಲ್ಲರೂ ಆಚೆ ಬದಿಯಲ್ಲೇ ಕಾದು ನಿಂತಿರುತ್ತಾರೆ. ಇನ್ನೊಂದು ಜಾಣತನವಿದೆ. ಆರು ತಿಂಗಳವರೆಗೆ ಒಂದನೆಯ ಹಂತ, ಆಮೇಲೆ ಎರಡು, ವರ್ಷಕ್ಕೆ ಮೂರು, ಒಂದೂವರೆಗೆ ನಾಲ್ಕು ಎಂದು ಒಂದೇ ಬಣ್ಣದ, ಒಂದೇ ಅಕ್ಷರದ ಡಬ್ಬಗಳನ್ನು ಸಾಲಾಗಿ ಜೋಡಿಸಿಟ್ಟರೆ, ಮೂರನೆಯದನ್ನು ಬಿಟ್ಟರೆ ಮಗುವಿನ ಓದು ಒಂದು ತರಗತಿ ತಪ್ಪಿತೇನೋ ಎಂಬ ದಿಗಿಲು ತಾಯಿಗೆ ತಾನಾಗಿಯೇ ಹತ್ತುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ದಿಗಿಲಿಗೆ ನೇರ ಉತ್ತರ ಕೊಟ್ಟಿದೆ. ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಿಗೆ ಮುಂದಿನ ಹಂತದ ಡಬ್ಬದ ಹಾಲನ್ನು ಅದು ಶಿಫಾರಸು ಮಾಡುವುದಿಲ್ಲ. ತಾಯಿಯ ಹಾಲು ಎರಡು ವರ್ಷದವರೆಗೆ, ಆಮೇಲೂ ಮುಂದುವರಿಯಲಿ. ಜೊತೆಗೆ ಮನೆಯ ಊಟವಿರಲಿ. ಎದೆಹಾಲು ನಿಂತಿದ್ದರೆ ಹಸುವಿನ ಅಥವಾ ಎಮ್ಮೆಯ ಹಾಲು ಸಾಕು. ವರ್ಷದೊಳಗಿನ ಕೂಸಿನ ಮಾತು ಬೇರೆ. ಎದೆಹಾಲು ಸಿಗದ ಅಂಥ ಕೂಸಿಗೆ ಡಬ್ಬದ ಹಾಲು ಅನಿವಾರ್ಯವಾಗಬಹುದು, ಅದನ್ನು ವೈದ್ಯರು ಕೂತು ತೀರ್ಮಾನಿಸಬೇಕು. ನಡೆಯಲು ಕಲಿತ, ಅನ್ನ ಮುದ್ದೆ ತಿನ್ನುವ ಮಗುವಿಗೆ ಆ ಅನಿವಾರ್ಯ ಇಲ್ಲ.

ಈಗ ಡಬ್ಬ ತಿರುಗಿಸಿ. ಹಿಂಬದಿಯಲ್ಲಿ ಸಣ್ಣಕ್ಷರದ ಎರಡು ಬರಹ ಇರುತ್ತವೆ. ಒಂದು, ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ. ಯಾವುದು ಹೆಚ್ಚು ತೂಕವೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಆದ್ದರಿಂದ ಮೊದಲ ಮೂರು ಹೆಸರು ಓದಿದರೆ ನೀವು ದುಡ್ಡು ಕೊಟ್ಟದ್ದು ಯಾವುದಕ್ಕೆ ಎಂಬುದು ತಿಳಿದುಹೋಗುತ್ತದೆ. ಹಾಲಿನ ಪುಡಿ ಮೊದಲಿದ್ದರೆ ಅದು ಹಾಲಿನ ಪದಾರ್ಥ. ಗೋಧಿ, ಬಾರ್ಲಿ, ಮಾಲ್ಟ್, ಸಕ್ಕರೆ ಮೊದಲಿದ್ದರೆ ಅದು ಹಾಲಿಗೆ ಬೆರೆಸುವ ಸಿಹಿ ಹಿಟ್ಟು. ಮಾಲ್ಟೋಡೆಕ್ಸ್‌ಟ್ರಿನ್, ಲಿಕ್ವಿಡ್ ಗ್ಲೂಕೋಸ್, ಕಾರ್ನ್ ಸಿರಪ್ ಎಂಬ ಹೆಸರುಗಳು ಕಂಡರೆ ಅವೂ ಸಕ್ಕರೆಯ ದಾಯಾದಿಗಳೇ ಎಂದು ತಿಳಿಯಿರಿ.

ಇನ್ನೊಂದು ಬರಹ ಪೋಷಕಾಂಶಗಳ ಕೋಷ್ಟಕ. ಅದರಲ್ಲಿ ನೂರು ಗ್ರಾಂ ಪುಡಿಗೆ ಇಷ್ಟು ಕಬ್ಬಿಣ, ಇಷ್ಟು ಸುಣ್ಣ ಎಂದು ದೊಡ್ಡ ಅಂಕಿ ಕಾಣುತ್ತದೆ. ಮಗು ಒಂದು ಸಲಕ್ಕೆ ಕುಡಿಯುವುದು ಇಪ್ಪತ್ತು ಗ್ರಾಂ ಪುಡಿ. ಅಂಕಿಯನ್ನು ಐದರಿಂದ ಭಾಗಿಸಿಕೊಳ್ಳಿ. ಕೆಲವು ಡಬ್ಬಗಳಲ್ಲಿ ಇನ್ನೊಂದು ಕಲಮು ಇರುತ್ತದೆ, "200 ಮಿಲಿ ಹಾಲಿನೊಂದಿಗೆ" ಎಂದು. ಅಲ್ಲಿ ಪ್ರೋಟೀನು ಜಿಗಿದು ಮೇಲೇರಿರುತ್ತದೆ. ಏರಿಸಿದ್ದು ಪುಡಿಯಲ್ಲ, ನಿಮ್ಮ ಹಾಲು.

ಸಕ್ಕರೆಯ ಸಾಲನ್ನು ಮಾತ್ರ ತಪ್ಪದೆ ಓದಿ. ನಮ್ಮಲ್ಲಿ ಮನೆಮಾತಾಗಿರುವ ಒಂದು ಚಾಕಲೇಟಿನ ಪುಡಿಯಲ್ಲಿ ನೂರು ಗ್ರಾಮಿಗೆ 37 ಗ್ರಾಂ ಮೇಲಿನ ಸಕ್ಕರೆ ಇತ್ತು. 2023ರಲ್ಲಿ ಅದರ ಬಗ್ಗೆ ದೇಶವೆಲ್ಲ ಗಲಾಟೆಯಾದ ಮೇಲೆ ಕಂಪನಿ ಅದನ್ನು 32 ಗ್ರಾಮಿಗೆ ಇಳಿಸಿತು. ಇಳಿಸಿದ ಮೇಲಿನ ಲೆಕ್ಕವನ್ನೇ ಹಿಡಿಯೋಣ. ಇಪ್ಪತ್ತು ಗ್ರಾಂ ಪುಡಿಯಲ್ಲಿ ಆರು ಗ್ರಾಮಿನ ಮೇಲೆ ಸಕ್ಕರೆ, ಒಂದೂವರೆ ಟೀ ಚಮಚ. ಎರಡು ಹೊತ್ತಿಗೆ ಮೂರು ಚಮಚ. ಇದರ ಮೇಲೆ "ಸಪ್ಪೆ ಆಗುತ್ತೆ" ಎಂದು ಅಜ್ಜಿ ಹಾಕುವ ಚಮಚ ಬೇರೆ. ಎರಡು ವರ್ಷದವರೆಗೆ ಮೇಲಿನ ಸಕ್ಕರೆ ಬೇಡವೇ ಬೇಡ ಎನ್ನುವುದು ಮಕ್ಕಳ ವೈದ್ಯರ ಸಲಹೆ. ನಾಲಿಗೆ ಸಿಹಿಗೆ ಒಗ್ಗಿದರೆ ಆಮೇಲೆ ಬರಿಯ ಹಾಲು ಹಿಡಿಸುವುದಿಲ್ಲ, ತರಕಾರಿಯಂತೂ ದೂರದ ಮಾತು. ಬೆಲ್ಲ, ಕಲ್ಲುಸಕ್ಕರೆ, ಜೇನು ಹಾಕಿದರೆ ಪರವಾಗಿಲ್ಲವೆ ಎಂದು ಕೇಳುತ್ತಾರೆ. ಹಲ್ಲಿಗೆ ಎಲ್ಲವೂ ಒಂದೇ. ಜೇನನ್ನಂತೂ ವರ್ಷ ತುಂಬದ ಕೂಸಿಗೆ ನೆಕ್ಕಿಸಲೂಬಾರದು.

ಈ ಪುಡಿಗಳನ್ನು ಬಹುಕಾಲ ನಾವು ಹೆಲ್ತ್ ಡ್ರಿಂಕ್ ಎಂದು ಕರೆದೆವು. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಅಂಥ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೂ ಕೇಂದ್ರದ ವಾಣಿಜ್ಯ ಸಚಿವಾಲಯವೂ ಆನ್‌ಲೈನ್ ಅಂಗಡಿಗಳಿಗೆ ಪತ್ರ ಬರೆದು, ಹಾಲು, ಮಾಲ್ಟ್, ಧಾನ್ಯದ ಪೇಯಗಳನ್ನು ಆ ತಲೆಬರಹದ ಕೆಳಗೆ ಮಾರಬೇಡಿ ಎಂದು ಸೂಚಿಸಿದವು. ಕಂಪನಿಗಳು ಹೆಸರು ಬದಲಿಸಿಕೊಂಡವು. ಡಬ್ಬದೊಳಗಿನದು ಬಹುಮಟ್ಟಿಗೆ ಹಾಗೇ ಇದೆ.

ಡಬ್ಬ ಕೊಳ್ಳುವಾಗ ಆಗುವ ಇನ್ನೊಂದು ಎಡವಟ್ಟನ್ನು ಹೇಳಿಬಿಡುತ್ತೇನೆ, ಏಕೆಂದರೆ ಇದು ಬಡವರ ಮನೆಯಲ್ಲಿ ಹೆಚ್ಚು. ಹಳ್ಳಿಯ ಅಂಗಡಿಯಲ್ಲಿ ಸರಮಾಲೆಯಾಗಿ ನೇತುಹಾಕಿರುವ ಹಾಲಿನ ಪುಡಿಯ ಸಣ್ಣ ಪೊಟ್ಟಣಗಳಲ್ಲಿ ಎಷ್ಟೋ ನಿಜವಾಗಿ ಡೈರಿ ವೈಟ್ನರ್. ಅದು ಚಹಾ, ಕಾಫಿಗೆ ಹಾಕಲು ಮಾಡಿದ್ದು. ಅದರಲ್ಲಿ ನೂರಕ್ಕೆ 18ರವರೆಗೂ ಸಕ್ಕರೆ ಇರಬಹುದು, ಕೊಬ್ಬು ಕಡಿಮೆ. ಕೆನೆಭರಿತ ಹಾಲಿನ ಪುಡಿಯಾದರೆ ನೂರಕ್ಕೆ 26 ಭಾಗವಾದರೂ ಕೊಬ್ಬು ಇರುತ್ತದೆ, ಸಕ್ಕರೆ ಬೆರೆಸಿರುವುದಿಲ್ಲ. ಎರಡೂ ಬೆಳ್ಳಗೆ, ಎರಡೂ ಸಿಹಿವಾಸನೆ. ಹೆಸರು ಓದಿಸಿ ಕೊಳ್ಳಬೇಕು. ಕಂಡೆನ್ಸ್‌ಡ್ ಮಿಲ್ಕ್ ಅಂತೂ ಪಾಯಸಕ್ಕೆ ಸರಿ, ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆ.

ಹಾಗಾದರೆ ಯಾವ ಹಾಲು? ಪ್ಯಾಕೆಟ್ಟಿನ ಹಾಲಿನ ಬಗ್ಗೆ ಜನರಿಗೆ ಏಕೋ ಅನುಮಾನ. ಟೋನ್ಡ್ ಹಾಲಿನಲ್ಲಿ ನೂರಕ್ಕೆ 3ರಷ್ಟು ಕೊಬ್ಬು ಇರಬೇಕು, ಸ್ಟ್ಯಾಂಡರ್ಡೈಸ್ಡ್ ಎಂಬುದರಲ್ಲಿ 4.5, ಫುಲ್ ಕ್ರೀಮಿನಲ್ಲಿ 6. ಹಸುವಿನ ಹಾಲಿನ ಕೊಬ್ಬು ಮೂರೂವರೆ ನಾಲ್ಕರ ಆಸುಪಾಸಿನದೇ. ಎರಡು ವರ್ಷದೊಳಗಿನ ಮಗುವಿಗೆ ಮಿದುಳು ಬೆಳೆಯಲು ಕೊಬ್ಬು ಬೇಕು, ಆದ್ದರಿಂದ ಡಬಲ್ ಟೋನ್ಡ್ ಹಾಲನ್ನೂ ಕೆನೆ ತೆಗೆದ ಹಾಲನ್ನೂ ಕೊಡಬೇಡಿ. ಉಳಿದವುಗಳಲ್ಲಿ ಮನೆಗೆ ಬರುವುದು ಯಾವುದೋ ಅದು. ವರ್ಷ ದಾಟಿದ ಮೇಲೆ ಹಾಲಿಗೆ ನೀರು ಬೆರೆಸುವ ಅಗತ್ಯವೂ ಇಲ್ಲ. ಎಮ್ಮೆಯ ಹಾಲು ಮಂದ, ಜೀರ್ಣವಾಗುವುದಿಲ್ಲ ಎಂಬ ಮಾತು ಹಳೆಯದು. ಒಂದು ಕಾಲಕ್ಕೆ ಎಮ್ಮೆಯ ಹಾಲಿನಿಂದ ಮಕ್ಕಳ ಪುಡಿ ಮಾಡಲು ಬರುವುದೇ ಇಲ್ಲ ಎಂದು ಹೊರದೇಶದವರು ಹೇಳುತ್ತಿದ್ದರು. ಮಾಡಿ ತೋರಿಸಿದ್ದು ನಮ್ಮ ಮೈಸೂರಿನ ಚೆಲುವಾಂಬ ಮಹಲಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ. ಆ ವಿಧಾನವನ್ನು ಆನಂದ್ ಊರಿನ ಅಮುಲ್ ಕೈಗೆತ್ತಿಕೊಂಡು ಮಾರುಕಟ್ಟೆಗೆ ತಂದಿತು. ಅಲ್ಲಿಯವರೆಗೆ ನಾವು ಹೊರಗಿನಿಂದ ತರಿಸಿಕೊಳ್ಳುತ್ತಿದ್ದೆವು.

ಹಳ್ಳಿಗಳಲ್ಲಿ ನೊರೆಹಾಲು ಎಂದು ಕರೆದ ಕೂಡಲೇ ಬಿಸಿಬಿಸಿಯಾಗಿ ಮಗುವಿಗೆ ಕುಡಿಸುವ ಪ್ರೀತಿಯೊಂದಿದೆ. ಅದನ್ನು ಬಿಡಬೇಕು. ಹಸುವಿಗೆ ಬ್ರುಸೆಲ್ಲಾ ರೋಗವಿದ್ದರೆ, ಕ್ಷಯವಿದ್ದರೆ ಅದು ಹಸಿ ಹಾಲಿನಲ್ಲಿ ನೇರ ಮಗುವಿಗೆ ಬರುತ್ತದೆ. ನೋಡಲು ಹಸು ಗಟ್ಟಿಮುಟ್ಟಾಗಿಯೇ ಇರಬಹುದು. ಇತ್ತೀಚೆಗೆ ಪೇಟೆಯವರೂ "ನಾಟಿ ಹಸುವಿನ ಹಾಲು, ಕಾಯಿಸಬಾರದಂತೆ" ಎನ್ನತೊಡಗಿದ್ದಾರೆ. ಹಸು ಯಾವ ತಳಿಯಾದರೂ ಹಾಲು ಕಾಯಲೇಬೇಕು.

ಕಾಯಿಸುವುದು ಎಂದರೆ ಉಕ್ಕು ಬಂದ ಕೂಡಲೇ ಆರಿಸುವುದಲ್ಲ. ಉಕ್ಕಿದ ಮೇಲೆ ಉರಿ ಸಣ್ಣ ಮಾಡಿ, ಸೌಟಿನಲ್ಲಿ ತಿರುವುತ್ತ ಎರಡು ಮೂರು ನಿಮಿಷ ಬಿಡಿ. ಆಮೇಲೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಆರಿಸಿ, ಮುಚ್ಚಿ, ಫ್ರಿಜ್ಜಿನಲ್ಲಿಡಿ. ನಮ್ಮ ಮನೆಗಳಲ್ಲಿ ಆಗುವುದೇನೆಂದರೆ, ಬೆಳಗಿನ ಹಾಲು ಒಲೆಯ ಪಕ್ಕದಲ್ಲೇ ಕೂತು, ಪ್ರತಿ ಸಲ ಬೆಚ್ಚಗಾಗಿ, ಮತ್ತೆ ಅರೆಬಿಸಿಯಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ರೋಗಾಣು ಹುಲುಸಾಗಿ ಬೆಳೆಯುವುದು ಆ ಅರೆಬಿಸಿಯಲ್ಲಿಯೇ. ಮಗುವಿಗೆ ಬೇಕಾದಷ್ಟನ್ನು ಮಾತ್ರ ಲೋಟಕ್ಕೆ ಹೊಯ್ದು ಬಿಸಿ ಮಾಡಿ. ಫ್ರಿಜ್ ಇಲ್ಲದ ಮನೆಯವರಿಗೆ ಎರಡು ಹೊತ್ತೂ ಹೊಸ ಹಾಲು ತರುವುದು ಒಳ್ಳೆಯದು, ಇಲ್ಲವೆ ಕೆಡದಂತೆ ಸಂಸ್ಕರಿಸಿ ತುಂಬಿದ ಟೆಟ್ರಾ ಪ್ಯಾಕಿನ ಚಿಕ್ಕ ಪೊಟ್ಟಣ. ಅದು ಒಡೆಯುವವರೆಗೆ ಹೊರಗೇ ಇರಬಹುದು, ಒಡೆದ ಮೇಲೆ ಅದೂ ಸಾಧಾರಣ ಹಾಲೇ.

ಎಷ್ಟು ಹಾಲು ಎಂಬುದಕ್ಕೆ ಈಗ ಬರುತ್ತೇನೆ. ನನ್ನ ದೊಡ್ಡ ಕಳಕಳಿ ಇರುವುದೇ ಇಲ್ಲಿ.

ಕಳೆದ ಬೇಸಿಗೆಯಲ್ಲಿ ಅಜ್ಜಿಯೊಬ್ಬರು ಎರಡು ವರ್ಷದ ಮೊಮ್ಮಗನನ್ನು ಕರೆತಂದಿದ್ದರು. ದುಂಡಗಿದ್ದ, ಕೆನ್ನೆ ತುಂಬಿಕೊಂಡಿತ್ತು. ಆದರೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣ ಬಳಿದಂತೆ ಬಿಳಿ. ಅಂಗೈಯಲ್ಲೂ ಕೆಂಪಿಲ್ಲ.

"ಅಜ್ಜಿ, ದಿನಕ್ಕೆ ಎಷ್ಟು ಹಾಲು ಕುಡೀತಾನೆ?"

"ಒಂದು ಲೀಟ್ರು ಲೀಲಾಜಾಲ ಕುಡೀತಾನೆ ಕಣ್ ಡಾಕ್ಟ್ರಮ್ಮ. ರಾತ್ರಿ ಎದ್ದೆದ್ದು ಕೇಳ್ತಾನೆ. ಅನ್ನ ಮಾತ್ರ ಮುಟ್ಟಾಕಿಲ್ಲ."

"ಮಣ್ಣು, ಬಳಪ ತಿಂತಾನಾ?"

ಅಜ್ಜಿ ಸೆರಗಿನ ತುದಿ ಬಾಯಿಗೆ ಇಟ್ಟುಕೊಂಡರು. "ಗೋಡೆ ಕೆರ್ಕೊಂಡು ತಿಂತಾನೆ. ಅದು ನಿಮಗೆ ಹೆಂಗ್ ತಿಳೀತು?"

ತಿಳಿಯುವುದಕ್ಕೆ ಪವಾಡವೇನೂ ಬೇಡ. ಹಾಲಿನಲ್ಲಿ ಸುಣ್ಣವಿದೆ, ಪ್ರೋಟೀನಿದೆ, ಕಬ್ಬಿಣ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಸುಣ್ಣ, 8 ಮಿಲಿಗ್ರಾಂ ಕಬ್ಬಿಣ ಬೇಕೆಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ನಾನ್ನೂರು ಮಿಲಿ ಹಾಲು ಕುಡಿದರೆ ಆ ಸುಣ್ಣ ಹೆಚ್ಚುಕಡಿಮೆ ಪೂರ್ತಿ ಬಂತು. ಕಬ್ಬಿಣಕ್ಕೆ ಹತ್ತು ಲೀಟರ್ ಕುಡಿದರೂ ಸಾಲದು. ಅಲ್ಲದೆ ಹಾಲಿನ ಸುಣ್ಣ ಮತ್ತು ಕೇಸಿನ್ ಎಂಬ ಪ್ರೋಟೀನು ಬೇರೆ ಆಹಾರದ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಇದೆಲ್ಲಕ್ಕಿಂತ ಸರಳವಾದ ಕಾರಣ, ಲೀಟರು ಹಾಲು ಕುಡಿದ ಪುಟ್ಟ ಹೊಟ್ಟೆಯಲ್ಲಿ ಊಟಕ್ಕೆ ಜಾಗ ಉಳಿದಿರುವುದಿಲ್ಲ. ತಿನ್ನುವುದಿಲ್ಲ ಎಂದು ಹಾಲು, ಹಾಲು ಕುಡಿದದ್ದಕ್ಕೆ ತಿನ್ನುವುದಿಲ್ಲ. ಕಬ್ಬಿಣ ಕಡಿಮೆಯಾದ ಮಗುವಿಗೆ ಹಸಿವೂ ಸಾಯುತ್ತದೆ, ಮಣ್ಣು ಬಳಪದ ಚಪಲ ಹತ್ತುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಅವರೆಲ್ಲ ಹಾಲು ಹೆಚ್ಚು ಕುಡಿದವರಲ್ಲ, ಬಹುಪಾಲಿನವರಿಗೆ ಹಾಲೂ ಇಲ್ಲ, ಸೊಪ್ಪು ಮೊಟ್ಟೆಯೂ ಇಲ್ಲ. ಆದರೆ ಉಳ್ಳವರ ಮನೆಯ ಬಿಳಿಚಿದ ಮಗುವಿನ ಹಿಂದೆ ಬಹಳ ಸಲ ಹಾಲಿನ ಬಾಟಲಿ ಇರುತ್ತದೆ.

ಅದಕ್ಕೇ ದಿನಕ್ಕೆ ಎರಡು ಲೋಟ, ಸುಮಾರು 400 ಮಿಲಿ. ಏನೇ ಆದರೂ 500 ದಾಟುವುದು ಬೇಡ. ಮೊಸರು ಮಜ್ಜಿಗೆಯೂ ಈ ಲೆಕ್ಕದೊಳಗೇ. ಎದೆಹಾಲು ಕುಡಿಯುವ ಮಗುವಿಗೆ ಇನ್ನೂ ಕಡಿಮೆ ಸಾಕು. ಹಾಲು ಊಟದ ಮುಂಚೆ ಬೇಡ, ಊಟದ ಜೊತೆಯೂ ಬೇಡ, ನಡುವಿನ ಹೊತ್ತಿನಲ್ಲಿರಲಿ. ಕಾಫಿ, ಚಹಾದ ಗುಟುಕನ್ನು ಕೊಡುವವರು ದಯವಿಟ್ಟು ನಿಲ್ಲಿಸಿ, ಅದು ಇರುವ ಕಬ್ಬಿಣವನ್ನೂ ಹೀರಲು ಬಿಡುವುದಿಲ್ಲ.

ಇನ್ನು ಬಾಟಲಿ. ಲೀಟರುಗಟ್ಟಲೆ ಹಾಲು ಹೊಟ್ಟೆಗೆ ಇಳಿಯುವುದು ಬಾಟಲಿಯಿಂದ, ಲೋಟದಿಂದ ಯಾವ ಮಗುವೂ ನಿದ್ದೆಗಣ್ಣಲ್ಲಿ ಅಷ್ಟು ಕುಡಿಯಲಾರದು. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗಿದರೆ ಹಾಲು ರಾತ್ರಿಯೆಲ್ಲ ಮೇಲಿನ ಮುಂಹಲ್ಲುಗಳ ಸುತ್ತ ನಿಂತು ಹುಳುಕು ಹಿಡಿಯುತ್ತದೆ. ಮೂರು ವರ್ಷಕ್ಕೇ ಕರಿ ಮೊಂಡುಗಳಾದ ಹಲ್ಲುಗಳನ್ನು ನೀವೂ ನೋಡಿರುತ್ತೀರಿ. ನಿಪ್ಪಲಿನ ಒಳಮಡಿಕೆಯಲ್ಲಿ ಉಳಿದ ಹಾಲು ಎಷ್ಟು ತೊಳೆದರೂ ಪೂರ್ತಿ ಹೋಗುವುದು ಕಷ್ಟ. ನಮ್ಮ ಹಿರಿಯರು ಕೂಸಿಗೆ ಒಳಲೆಯಲ್ಲಿ ಹಾಲು ಕುಡಿಸುತ್ತಿದ್ದರು. ಒಂದು ಕಡೆ ಮೂತಿ ಇರುವ ಪುಟ್ಟ ಬಟ್ಟಲು, ಬೆಳ್ಳಿಯದೋ ಹಿತ್ತಾಳೆಯದೋ. ಅದರ ಒಳಗೆ ಬೆರಳು ಹಾಕಿ ಉಜ್ಜಿ ತೊಳೆಯಬಹುದು, ಕುದಿಸಬಹುದು, ಅದರ ಗುಣವೆಲ್ಲ ಇಷ್ಟರಲ್ಲೇ ಇದೆ. ವರ್ಷ ದಾಟಿದ ಮಗುವಿಗೆ ಸ್ಟೀಲಿನ ಸಣ್ಣ ಲೋಟ ಸಾಕು. ಮೊದಮೊದಲು ಅಂಗಿಯೆಲ್ಲ ಹಾಲು ಮಾಡಿಕೊಳ್ಳುತ್ತದೆ, ಮಾಡಿಕೊಳ್ಳಲಿ.

ಇಷ್ಟೆಲ್ಲ ಹೇಳಿದ ಮೇಲೂ ಪುಡಿಯ ಹಾಲು ಬೇಕಾಗುವ ಮನೆಗಳಿವೆ. ಹಾಲು ಸಿಗದ ತೋಟದ ಲೈನು ಮನೆಗಳು, ಕಟ್ಟಡ ಕೆಲಸದ ಶೆಡ್ಡುಗಳು, ಪ್ರಯಾಣ. ನಮ್ಮ ಸರಕಾರವೇ 2013ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆ, ಅಂಗನವಾಡಿಗಳ ಮಕ್ಕಳಿಗೆ ನಂದಿನಿಯ ಕೆನೆಭರಿತ ಪುಡಿಯಿಂದ 150 ಮಿಲಿ ಹಾಲು ಮಾಡಿ ಕೊಡುತ್ತಿದೆ. ಪುಡಿಯನ್ನು ದೂರಬೇಕಿಲ್ಲ. ಅದನ್ನು ಕಲಸುವ ಕೈಯ ಬಗ್ಗೆ ಎರಡು ಮಾತು ಹೇಳಬೇಕು.

ಪುಡಿ ಒಣಗಿರುತ್ತದೆ, ಆದರೆ ರೋಗಾಣುರಹಿತವಲ್ಲ. ಡಬ್ಬ ಎಷ್ಟೇ ಬೆಲೆಯದಾಗಿರಲಿ, ಮುಚ್ಚಳದ ಕೆಳಗೆ ಬೆಳ್ಳಿಯ ಹಾಳೆ ಇರಲಿ, ಕ್ರೋನೋಬ್ಯಾಕ್ಟರ್, ಸಾಲ್ಮೊನೆಲ್ಲದಂಥ ಜೀವಿಗಳು ಒಂದಿಷ್ಟು ಅದರೊಳಗೆ ನಿದ್ದೆಯಲ್ಲಿರಬಹುದು. ಬೆಚ್ಚನೆಯ ನೀರು ಸಿಕ್ಕಿದ ಕೂಡಲೇ ಏಳುತ್ತವೆ. ಕ್ರೋನೋಬ್ಯಾಕ್ಟರಿನ ಅಪಾಯ ಹೆಚ್ಚು ಇರುವುದು ಎರಡು ತಿಂಗಳೊಳಗಿನ ಹಸುಗೂಸಿಗೆ, ನಿಮ್ಮ ಎರಡು ವರ್ಷದ ಪುಂಡನಿಗಲ್ಲ. ಆದರೂ ಮನೆಯಲ್ಲಿ ಡಬ್ಬ ಒಂದೇ ಇರುತ್ತದೆ, ಅಭ್ಯಾಸವೂ ಒಂದೇ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಸುಗೂಸುಗಳಿಗಾಗಿ ಹೇಳಿದ ಕ್ರಮ ಇದು: ನೀರು ಕುದಿಸಬೇಕು, ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮುಂಚೆ ಪುಡಿ ಬೆರೆಸಬೇಕು, ಆಮೇಲೆ ಬೇಗ ಆರಿಸಿ ಕುಡಿಸಬೇಕು. ಒಂದು ಲೀಟರ್ ನೀರು ಕುದಿಸಿ ಮುಚ್ಚಿಟ್ಟರೆ ಅರ್ಧ ಗಂಟೆಯೊಳಗೆ ಬಳಸಬೇಕು ಎಂಬುದು ಅವರ ಲೆಕ್ಕ. ಒಂದೇ ಲೋಟ ನೀರಾದರೆ ಅದಕ್ಕಿಂತ ಬಹಳ ಬೇಗ ತಣಿಯುತ್ತದೆ. ಕೆಲವು ಡಬ್ಬದ ಮೇಲೆ ಉಗುರುಬೆಚ್ಚಗಿನ ನೀರು ಎಂದು ಬರೆದಿರುತ್ತದೆ, ಒಳಗಿರುವ ಪೋಷಕಾಂಶ ಕೆಡದಿರಲಿ ಎಂದು. ಗಟ್ಟಿಮುಟ್ಟಾದ ದೊಡ್ಡ ಮಗುವಿಗೆ ಹಾಗೆ ಮಾಡಬಹುದು, ಆದರೆ ಕುದಿಸಿ ಆರಿಸಿದ ನೀರಿನಲ್ಲಿ, ಕಲಸಿದ ಕೂಡಲೇ ಕುಡಿಸುವುದಾದರೆ ಮಾತ್ರ. ಫಿಲ್ಟರಿನ ನೀರು, ಇಪ್ಪತ್ತು ಲೀಟರ್ ಕ್ಯಾನಿನ ನೀರು, ಶುದ್ಧ ನೀರಿನ ಘಟಕದ ನೀರು ಎಲ್ಲವನ್ನೂ ಕುದಿಸಬೇಕು.

ಅಳತೆಯಲ್ಲಿ ಕೈ ತಪ್ಪುವುದು ಹೆಚ್ಚು. ಡಬ್ಬದೊಳಗಿನ ಚಮಚವನ್ನು ಮಟ್ಟಸ ಮಾಡಿ ಹಾಕಬೇಕು, ಚಾಕುವಿನ ಬೆನ್ನಿನಿಂದ ಮೇಲಿನದನ್ನು ಸವರಿ. ಗುಡ್ಡೆ ಮಾಡಿ ಹಾಕಿದರೆ ಹಾಲು ಗಟ್ಟಿಯಾಗಿ ಮಗುವಿಗೆ ನೀರಡಿಕೆ, ಮಲಬದ್ಧತೆ. ಡಬ್ಬ ಇನ್ನೂ ನಾಲ್ಕು ದಿನ ಬರಲಿ ಎಂದು ಅರ್ಧರ್ಧ ಚಮಚ ಹಾಕಿದರೆ ಮಗು ಕುಡಿಯುವುದು ಬಿಳಿ ನೀರು. ಎರಡನೆಯದನ್ನು ಮಾಡುವವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ದಿನಕ್ಕೆ ಎರಡು ಸಲ 35 ಗ್ರಾಂ ಎಂದು ಬರೆದಿರುವ 400 ಗ್ರಾಂ ಡಬ್ಬ ಆರು ದಿನಕ್ಕೆ ಮುಗಿಯುತ್ತದೆ, ಕೂಲಿಯವರ ಮನೆಗೆ ಅದು ಎಟುಕುವ ಮಾತೆ? ಅಂಥವರಿಗೆ ನಾನು ಹೇಳುವುದು, ಆ ದುಡ್ಡಿಗೆ ಅರ್ಧ ಲೀಟರ್ ಹಾಲು, ಒಂದು ಮೊಟ್ಟೆ, ಒಂದು ಬಾಳೆಹಣ್ಣು ತನ್ನಿ. ಒಂದು ಕಂಪನಿಯ ಚಮಚ ಇನ್ನೊಂದರ ಡಬ್ಬಕ್ಕೆ ಸಲ್ಲುವುದಿಲ್ಲ ಎಂಬುದೂ ನೆನಪಿರಲಿ.

ಕಲಸಿದ ಹಾಲು ಎರಡು ಗಂಟೆಯೊಳಗೆ ಮುಗಿಯಬೇಕು, ಮಗು ಬಾಯಿಟ್ಟು ಬಿಟ್ಟದ್ದನ್ನು ಚೆಲ್ಲಬೇಕು. ಊರಿಗೆ ಹೊರಟಾಗ ಕಲಸಿದ ಹಾಲನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋಗುವುದು ನಮ್ಮಲ್ಲಿ ಬಹಳ. ಬೆಚ್ಚಗಿನ ಫ್ಲಾಸ್ಕು ರೋಗಾಣುಗಳಿಗೆ ಹೇಳಿ ಮಾಡಿಸಿದ ಜಾಗ. ಫ್ಲಾಸ್ಕಿನಲ್ಲಿ ಕುದಿನೀರು ಮಾತ್ರ ಇರಲಿ, ಪುಡಿಯನ್ನು ಅಳೆದು ಒಣ ಡಬ್ಬಿಯಲ್ಲಿ ಬೇರೆ ಇಟ್ಟುಕೊಳ್ಳಿ. ಬಸ್ಸು ನಿಂತಾಗ ಬೆರೆಸಿಕೊಂಡರಾಯಿತು. ಒಡೆದ ಡಬ್ಬವನ್ನು ಫ್ರಿಜ್ಜಿನಲ್ಲಿಡಬೇಡಿ, ತೇವಕ್ಕೆ ಗಂಟುಕಟ್ಟುತ್ತದೆ. ಒದ್ದೆ ಚಮಚ ಅದ್ದಬೇಡಿ, ತಿಂಗಳೊಳಗೆ ಮುಗಿಸಿ.

ಕೊಳ್ಳುವ ಪುಡಿಯ ಜಾಗಕ್ಕೆ ಮನೆಯ ಪುಡಿ ಬೇಕೆಂದರೆ ರಾಗಿ ಇದೆಯಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣ, ಅಕ್ಕಿ ಗೋಧಿ ಹತ್ತಿರವೂ ಸುಳಿಯುವುದಿಲ್ಲ. ಮೊಳಕೆ ಕಟ್ಟುವ ವಿದ್ಯೆಯೂ ನಮ್ಮ ಹೆಂಗಸರಿಗೆ ಹೊಸದಲ್ಲ. ರಾಗಿಯನ್ನು ಕಲ್ಲು ಆರಿಸಿ, ತೊಳೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡುವುದು. ಮಾರನೆಯ ದಿನ ಗಂಟು ಬಿಚ್ಚಿದರೆ ಕೆಂಪು ಕಾಳಿನ ತುದಿಯಲ್ಲಿ ಬಿಳಿಯ ಎಳೆ. ನೆರಳಲ್ಲಿ ಹರಡಿ ಒಣಗಿಸಿ, ಕೈಯಲ್ಲಿ ಉಜ್ಜಿದರೆ ಎಳೆ ಉದುರುತ್ತದೆ. ಕೇರಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಹುರಿದು, ಬೀಸಿಸಿ, ಜರಡಿ ಹಿಡಿಯುವುದು. ಮೊಳಕೆಯೊಡೆದಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಸಾದಾ ರಾಗಿಹಿಟ್ಟಿನಲ್ಲಿ ಮಾಡಿದರೆ ಮುದ್ದೆಯಾಗುವಷ್ಟು ಹಿಟ್ಟು ಹಾಕಿದರೂ ಮೊಳಕೆ ರಾಗಿಯ ಸರಿ ತೆಳ್ಳಗೆ, ಕುಡಿಯುವ ಹದಕ್ಕೆ ಬರುತ್ತದೆ. ಪುಟ್ಟ ಹೊಟ್ಟೆಗೆ ಕಡಿಮೆ ನೀರು, ಹೆಚ್ಚು ಅನ್ನ. ರಾಗಿಯ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕೂಡ ಮೊಳಕೆಯಲ್ಲಿ ತಗ್ಗುತ್ತದೆ.

ಹಿಟ್ಟನ್ನು ಮೊದಲು ನೀರಿನಲ್ಲಿ ಕದಡಿ ಚೆನ್ನಾಗಿ ಬೇಯಿಸಿ, ಆಮೇಲೆ ಹಾಲು ಸೇರಿಸಿ ಇನ್ನೊಂದು ಕುದಿ. ಕುದಿಸಿದ ಹಾಲಿಗೆ ಮೊಳಕೆ ಹಿಟ್ಟನ್ನು ಹಾಗೇ ಉದುರಿಸಿ ಕಲಕಿ ಕೊಡುವುದು ತಪ್ಪು, ಒದ್ದೆಯಲ್ಲಿ ಎರಡು ದಿನ ಇದ್ದ ಕಾಳಿನಲ್ಲಿ ಮೊಳಕೆಯ ಜೊತೆ ಬೇರೆಯವೂ ಬೆಳೆದಿರುತ್ತವೆ. ಮಳೆಗಾಲದಲ್ಲಿ ಗಂಟು ಬಿಚ್ಚಿದಾಗ ಮುಗ್ಗಲು ವಾಸನೆ ಬಂದರೆ, ಲೋಳೆ ಕಂಡರೆ ಪೂರ್ತಿ ಚೆಲ್ಲಿ, ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ಈಗ ಇಪ್ಪತ್ತು ಬಗೆಯ ಕಾಳು, ಬಾದಾಮಿ, ಗೋಡಂಬಿ, ಕಡಲೆಬೀಜ ಎಲ್ಲ ಹಾಕಿ ಒಂದೇ ಪುಡಿ ಮಾಡುವುದು ರೂಢಿಯಾಗಿದೆ. ಮಗುವಿಗೆ ಒಗ್ಗದಿದ್ದರೆ ಯಾವುದು ಒಗ್ಗಲಿಲ್ಲ ಎಂದು ಕಂಡುಹಿಡಿಯುವುದು ಹೇಗೆ? ಒಂದೊಂದೇ ಸೇರಿಸುತ್ತ ಹೋಗಿ. ಬೂಷ್ಟು ಹಿಡಿದ ಕಡಲೆಬೀಜವಂತೂ ವಿಷ.

ಭೇದಿಯಾದಾಗ ಹಾಲು ನಿಲ್ಲಿಸಬೇಕೆ ಎಂಬ ಪ್ರಶ್ನೆ ಸದಾ ಬರುತ್ತದೆ. ಎದೆಹಾಲು ನಿಲ್ಲಿಸಲೇಬಾರದು, ರೂಢಿಯ ಹಾಲು ಊಟವೂ ಮುಂದುವರಿಯಲಿ. ಓಆರ್‌ಎಸ್ ಪೊಟ್ಟಣವನ್ನು ಮಾತ್ರ ಹಾಲಿನಲ್ಲಿ ಬೆರೆಸಬೇಡಿ, ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ಕುಡಿಯುವ ನೀರು.

ಕೊನೆಗೆ, ಹಾಲೇ ಔಷಧಿಯಾಗುವ ಮಕ್ಕಳ ವಿಚಾರ. ಆರು ತಿಂಗಳಿನಿಂದ ಐದು ವರ್ಷದ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದ ಊದಿಕೊಂಡು ಒತ್ತಿದರೆ ಗುಳಿ ಬಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಗನವಾಡಿಯಲ್ಲಿ ಅಳೆಯುವ ಪಟ್ಟಿಯಲ್ಲಿ ಆ ಭಾಗ ಕೆಂಪು ಬಣ್ಣದಲ್ಲಿರುತ್ತದೆ. ಇಂಥ ಮಗುವಿಗೆ ಮನೆಯಲ್ಲಿ ಒಮ್ಮೆಲೇ ಹೆಚ್ಚು ಉಣಿಸಲು ಹೋದರೆ ಜೀವಕ್ಕೇ ಕುತ್ತು. ಜಿಲ್ಲಾ ಆಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಹಾಲು, ಸಕ್ಕರೆ, ಎಣ್ಣೆಯನ್ನು ತೂಕ ಮಾಡಿ ಬೆರೆಸಿ, ಮೊದಲು ನೂರು ಮಿಲಿಗೆ 75 ಕ್ಯಾಲೊರಿ ಇರುವ ಹಾಲನ್ನು ಎರಡು ಎರಡು ಗಂಟೆಗೆ, ರಾತ್ರಿಯೂ ಎಬ್ಬಿಸಿ ಕುಡಿಸುತ್ತಾರೆ. ಮಗು ಚೇತರಿಸಿಕೊಂಡು ಹಸಿವು ಮರಳಿದ ಮೇಲೆ 100 ಕ್ಯಾಲೊರಿಯದು. ಇಲ್ಲಿ ಸಕ್ಕರೆಗೂ ಎಣ್ಣೆಗೂ ಜಾಗವಿದೆ, ಗ್ರಾಂ ಲೆಕ್ಕದಲ್ಲಿ. ಸೇರಿಸಿಕೊಳ್ಳುವುದಕ್ಕೆ ಹಣ ಕೊಡಬೇಕಿಲ್ಲ, ತಾಯಿಯೂ ಜೊತೆಗಿರಬಹುದು. ನಿಮ್ಮ ಮಗು ಸೊರಗಿದೆ ಎನ್ನಿಸಿದರೆ ಪುಡಿಯ ಹೆಸರು ಕೇಳುವ ಮುಂಚೆ ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಹೋಗಿ ತೂಕ ಹಾಕಿಸಿ, ತೋಳಿಗೆ ಪಟ್ಟಿ ಸುತ್ತಿಸಿ. ತಾಯಿ ಕಾರ್ಡನ್ನು ತೆಗೆದುಕೊಂಡು ಹೋಗಿ, ಹಿಂದಿನ ತಿಂಗಳುಗಳ ತೂಕದ ಗೆರೆಯನ್ನು ಅದರಲ್ಲೇ ನೋಡಬಹುದು. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಮನೆಗೆ ಬನ್ನಿ. ಎರಡು ತಿಂಗಳು ಅದು ಮಟ್ಟಸವಾಗಿ ಉಳಿದಿದ್ದರೆ ಅಥವಾ ಕೆಳಕ್ಕೆ ಬಾಗಿದ್ದರೆ ಆ ಕಾರ್ಡಿನೊಂದಿಗೆ ನಮ್ಮಲ್ಲಿಗೆ ಬನ್ನಿ.